ಲತಾಮಣಿಯ ಬಲಗಣ್ಣು

ನನ್ನ ತಂಗಿ ಲತಾಮಣಿಯ ಬಲಗಣ್ಣಿನ ನಟ್ಟನಡುವೆ ಒಂದು ಬಿಳಿ ಕಲೆ ಇದೆ. ಜಾವಗಲ್ಲಿನ ಅವಳ ಶಾಲೆಯಲ್ಲಿ ಯಾರಾದರೂ ಕೇಳಿದರೆ, "ಚಿಕ್ಕವಳಿದ್ದಾಗ ಬಿದ್ದು ಪೆಟ್ಟಾಗಿತ್ತು" ಎನ್ನುತ್ತಾಳೆ. ಶುದ್ಧ ಸುಳ್ಳು. ಅದು ಹೇಗಾಯಿತೆಂದು ನಾನು ಹೇಳುತ್ತೇನೆ, ಯಾಕೆಂದರೆ ಅವಳಂತೂ ಸತ್ತರೂ ಬಾಯಿ ಬಿಡುವವಳಲ್ಲ. ನಾನು ಆಶಾರಾಣಿ, ಅವಳ ಅಕ್ಕ, ಅರಸೀಕೆರೆಯ ಕರೆಂಟ್ ಆಫೀಸಿನಲ್ಲಿ ಗುಮಾಸ್ತೆ. ಆಶಾರಾಣಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ವಿಷಯದಲ್ಲಿ ಸಿಟ್ಟು ಬಾರದಿದ್ದರೆ ನಾನು ಮನುಷ್ಯಳೇ ಅಲ್ಲ.

ನಮ್ಮಪ್ಪ ಉಗ್ರಪ್ಪ ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ದಿನಾ ಗಂಟೆ ಹೊಡೆಯುವ ಕೆಲಸ. ಮಕ್ಕಳಿಬ್ಬರಲ್ಲಿ ಒಬ್ಬಳಾದರೂ ಆ ಗಂಟೆ ಕೇಳಿಸಿಕೊಂಡು ಕ್ಲಾಸಿನೊಳಗೆ ಹೋಗಿ ಪಾಠ ಮಾಡಬೇಕು ಎಂಬುದು ಅವರ ಜೀವದ ಆಸೆ. ನಾನು ಗುಮಾಸ್ತಿಕೆಗೆ ಸೇರಿಕೊಂಡು ಆ ಆಸೆಗೆ ಎಳ್ಳುನೀರು ಬಿಟ್ಟೆ. ಉಳಿದವಳು ಲತಾ. ಅವಳಿಗೆ ನನ್ನ ಹಾಗೆ ಬಾಯಿಲ್ಲ. ಮೆತ್ತಗೆ ಮಾತಾಡುತ್ತಾಳೆ, ಆದರೆ ಹಿಡಿದ ಹಟ ಬಿಡುವುದಿಲ್ಲ. ಮೇಡಂ ಆಗುತ್ತೇನೆ ಎಂದಳು ಎಂದರೆ ಆಗಲೇಬೇಕು.

ಪಿಯುಸಿಗೆ ಬರುವ ಹೊತ್ತಿಗೆ ಅವಳ ಕಣ್ಣು ಮಂಜಾಗತೊಡಗಿತು. ಕನ್ನಡಕ ಹಾಕಿಸಿದೆವು. ಆರು ತಿಂಗಳಿಗೆ ಅದು ಸಾಲದಾಯಿತು. ಮತ್ತೆ ಹಾಕಿಸಿದೆವು, ಅದೂ ಸಾಲದಾಯಿತು. "ಅಕ್ಕಾ, ಬೀದಿ ದೀಪಕ್ಕೆಲ್ಲ ಬಾಲ ಬಂದೈತೆ ಕಣೆ. ಚಂದ್ರ ಮೂರು ಕಾಣ್ತಾನೆ" ಎನ್ನುತ್ತಿದ್ದಳು. ಟೀಚರ್ ಟ್ರೈನಿಂಗಿನಲ್ಲಿ ಮೊದಲ ಬೆಂಚಿನಲ್ಲಿ ಕೂತರೂ ಬೋರ್ಡು ಕಾಣದೆ, ಪಕ್ಕದವಳು ಬರೆದದ್ದನ್ನು ಸಂಜೆ ಇಸಕೊಂಡು ಬರೆದು ಬರೆದೇ ಪಾಸಾದಳು. ಕನ್ನಡಕದ ಅಂಗಡಿಯವನು ಕೊನೆಗೆ ಕೈಚೆಲ್ಲಿದ. "ಇದು ಗಾಜಲ್ಲಿ ಸರಿಹೋಗೋ ಕಣ್ಣಲ್ಲ ಉಗ್ರಪ್ಪನೋರೇ, ಬೆಂಗಳೂರಿಗೆ ಕರ್ಕೊಂಡೋಗಿ" ಎಂದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು ತಾಳ್ಮೆಯಿಂದ ತಿಳಿಸಿ ಹೇಳಿದರು. ಕಣ್ಣುಗುಡ್ಡೆಯ ಮುಂದಿನ ತಿಳಿಯಾದ ಪದರ ದುಂಡಗಿರಬೇಕು, ಇವಳದು ತೆಳ್ಳಗಾಗಿ ಬುಗುರಿಯ ಹಾಗೆ ಚೂಪಾಗುತ್ತಿದೆ. ಎಡಗಣ್ಣು ಆಗಲೇ ತೀರಾ ಕೆಟ್ಟಿದೆ. ಬಲಗಣ್ಣನ್ನು ಕಾಪಾಡಿಕೊಳ್ಳಬೇಕು. ಕನ್ನಡಕದಿಂದ ಪ್ರಯೋಜನವಿಲ್ಲ, ಕಣ್ಣಿನ ಮೇಲೇ ಕೂರುವ ಲೆನ್ಸ್ ಬೇಕು. "ಮೆತ್ತನೆಯದು ಇದೆಯಂತಲ್ಲ ಮೇಡಂ, ನೋವಾಗಲ್ಲವಂತೆ" ಎಂದು ನಾನು ಕೇಳಿದೆ. "ಮೆತ್ತನೆಯದು ಇವಳ ಕಣ್ಣಿನ ಆಕಾರಕ್ಕೇ ಬಗ್ಗಿಬಿಡುತ್ತೆ, ಇದ್ದೂ ಇಲ್ಲದ ಹಾಗೆ. ಗಟ್ಟಿಯದೇ ಆಗಬೇಕು" ಎಂದರು. ಒಂದಾದ ಮೇಲೊಂದು ಮಾದರಿ ಲೆನ್ಸ್ ಇಟ್ಟು, ಕಣ್ಣಿಗೆ ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ದೀಪದಲ್ಲಿ ಅದು ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲವಿದೆ ಎಂದು ನೋಡಿದರು. ಪ್ರತಿಯೊಂದನ್ನು ಇಟ್ಟಾಗಲೂ ಲತಾಳ ಕಣ್ಣಲ್ಲಿ ನೀರು ಧಾರಾಕಾರ. ಎರಡು ಕಣ್ಣಿಗೆ ಎರಡು ಅಳತೆ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಆಗುವುದಿಲ್ಲ ಎಂದು ಡಾಕ್ಟರು ಒತ್ತಿ ಒತ್ತಿ ಹೇಳಿದರು. ಮಾಡಿಸಿ ತರಿಸಲು ಹದಿನೈದು ದಿನ ಬೇಕಾಯಿತು.

ಲೆನ್ಸ್ ಹಾಕಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದ ದಿನ ಅವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಎದುರಿನ ಹುಣಸೆಮರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಅಪ್ಪಾ, ನಿನಗೆ ಇಷ್ಟೊಂದು ನರೆ ಯಾವಾಗ ಬಂತು?" ಎಂದಳು. ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಲೆನ್ಸಿನಿಂದ. ಅಪ್ಪ ಬಚ್ಚಲ ತೂಬಿಗೆ ಬಟ್ಟೆ ತುರುಕಿ ಬರುತ್ತಿದ್ದರು, ಲೆನ್ಸ್ ಜಾರಿ ಬಿದ್ದರೆ ಕೊಚ್ಚಿಹೋಗಬಾರದೆಂದು. ಚಾಪೆಯ ಮೇಲೆ ಬಿಳಿ ಪಂಚೆ ಹಾಸುತ್ತಿದ್ದರು. ಫ್ಯಾನ್ ಆರಿಸಬೇಕು. ಒಗ್ಗರಣೆ ನಿಲ್ಲಿಸಬೇಕು. ಲತಾ ಸೋಪಿನಲ್ಲಿ ಕೈ ತೊಳೆದು, ಲೆನ್ಸನ್ನು ಅಂಗೈಯಲ್ಲಿಟ್ಟು ಔಷಧಿ ನೀರು ಹಾಕಿ ಬೆರಳ ತುದಿಯಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ರೆಪ್ಪೆ ಅಗಲಿಸಿ ಇಟ್ಟುಕೊಳ್ಳುತ್ತಿದ್ದಳು. ಶರ್ಟಿನ ಗುಂಡಿಗಿಂತ ಚಿಕ್ಕದು, ತೆಳ್ಳಗೆ, ಬೆಳಕಿಗೆ ಹಿಡಿದರೆ ತುಸು ನೀಲಿ. ನೆಲಕ್ಕೆ ಬಿದ್ದರೆ ಕಾಣಿಸದು. ಅದು ಕಣ್ಣಲ್ಲಿ ಕೂತ ಮೇಲೆ ನಾವೆಲ್ಲ ಉಸಿರು ಬಿಡುತ್ತಿದ್ದೆವು.

ಅವ್ವ ದ್ಯಾವಮ್ಮನಿಗೆ ಮಾತ್ರ ಇನ್ನೊಂದು ಚಿಂತೆ. "ಕಣ್ಣೊಳಕ್ಕೆ ಗಾಜು ಇಟ್ಕಂಡೋಳು ಅಂತ ಗೊತ್ತಾದ್ರೆ ಯಾವ ಗಂಡು ಬತ್ತಾನೆ? ಒಂದು ನರಪಿಳ್ಳೆಗೂ ಹೇಳಂಗಿಲ್ಲ" ಎಂದು ನಮ್ಮಿಬ್ಬರ ಕೈಲೂ ಆಣೆ ಮಾಡಿಸಿಕೊಂಡಳು. ಹಾರನಹಳ್ಳಿಯಲ್ಲಿದ್ದ ಅಜ್ಜಿಗೂ ಹೇಳಕೂಡದು. ಅಪ್ಪನ ತಾಯಿ ಮಾರಮ್ಮಜ್ಜಿಯ ಕಿವಿಗೆ ಬಿದ್ದರೆ ಊರಿಗೆಲ್ಲ ಡಂಗೂರ ಎಂದು ಅವ್ವನ ಲೆಕ್ಕಾಚಾರ. ಆ ಆಣೆಯನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಮಾರಮ್ಮಜ್ಜಿಯ ವಿಷಯ ಹೇಳಬೇಕು. ಅವಳು ಕಣ್ಣಿನ ಕಸ ತೆಗೆಯುವವಳು, ಅದೂ ನಾಲಿಗೆಯಿಂದ. ಒಕ್ಕಣೆಯ ಕಾಲದಲ್ಲಿ ಕಣ್ಣಿಗೆ ಹೊಟ್ಟು, ತೆನೆಯ ಚುಚ್ಚುವ ಸುಂಕು ಬಿದ್ದವರೆಲ್ಲ ಹಾರನಹಳ್ಳಿಯ ನಮ್ಮ ಕೇರಿಗೇ ಬರಬೇಕು. ಅಜ್ಜಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಳ್ಳೆಯ ಕಣ್ಣು ಪಿಳುಕಿಸದಂತೆ ಅದನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕಣ್ಣಿನ ರೆಪ್ಪೆ ಎತ್ತಿ ನಾಲಿಗೆಯ ತುದಿ ಆಡಿಸುತ್ತಿದ್ದಳು. ಕಸ ನಾಲಿಗೆಗೆ ಬಂದುಬಿಡುತ್ತಿತ್ತು. ಅದನ್ನು ಸೆರಗಿನ ತುದಿಗೆ ಒರೆಸಿ, "ನೋಡ್ಕಳಪ್ಪ" ಎಂದು ತೋರಿಸಿ, ಆಮೇಲೆ ಒಲೆಗೆ ಹಾಕುತ್ತಿದ್ದಳು. ಸುಡದಿದ್ದರೆ ಮತ್ತೆ ಅದೇ ಕಣ್ಣಿಗೆ ಬರುತ್ತದೆ ಎಂದು ಅವಳ ನಂಬಿಕೆ. ಕಾಸು ಮುಟ್ಟುತ್ತಿರಲಿಲ್ಲ.

ಮೇಲಿನ ಬೀದಿಯವರೂ ಬರುತ್ತಿದ್ದರು. ಅಜ್ಜಿ ತಮ್ಮ ಬಾವಿಯ ಹತ್ತಿರ ಸುಳಿದರೆ ಮೈಮೇಲೆ ಬೀಳುತ್ತಿದ್ದ ಜನ, ಕಣ್ಣು ಚುಚ್ಚತೊಡಗಿದಾಗ ಅವಳ ತೊಡೆಯ ಮೇಲೆ ತಲೆಯಿಟ್ಟು ಅವಳ ನಾಲಿಗೆಗೆ ಕಣ್ಣು ಕೊಡುತ್ತಿದ್ದರು. ಮನೆಗೆ ಹೋಗಿ ತಲೆಗೆ ಸ್ನಾನ ಮಾಡುತ್ತಿದ್ದರಂತೆ, ಅದು ಬೇರೆ. ನಾನಾಗಿದ್ದರೆ ನಾಲ್ಕು ಮಾತು ಆಡಿ ಕಳಿಸುತ್ತಿದ್ದೆ. ಅಜ್ಜಿಗೆ ಮಾತ್ರ ಅದು ಹೆಮ್ಮೆ. "ನನ್ನ ನಾಲಿಗೆ ಇರೋಗಂಟ ಈ ಊರಾಗೆ ನಂಗೊಂದು ಬೆಲೆ ಐತೆ ಕಣವ್ವ" ಎನ್ನುತ್ತಿದ್ದಳು. ಅವಳಿಗೆ ಇದ್ದದ್ದು ಅದೊಂದೇ ಬೆಲೆ.

ತೊಂಬತ್ತೊಂಬತ್ತರ ಸಂಕ್ರಾಂತಿಯ ಹೊತ್ತಿಗೆ ಲತಾಮಣಿ ಪ್ರೈಮರಿ ಶಾಲೆಗೆ ಟೀಚರ್ ಆಗಿ ಆಯ್ಕೆಯಾದಳು. ಒಂದೇ ಒಂದು ಬಾಕಿ: ಸೋಮವಾರ ಹಾಸನದಲ್ಲಿ ವೈದ್ಯಕೀಯ ಪರೀಕ್ಷೆ. ಒಂದು ಕಣ್ಣಿನಲ್ಲಾದರೂ ಗೋಡೆಯ ಮೇಲಿನ ಅಕ್ಷರಗಳ ಕೆಳಗಿನ ಸಾಲುಗಳನ್ನು ಓದಲೇಬೇಕು, ಇಲ್ಲವಾದರೆ ಕೆಲಸವಿಲ್ಲ ಎಂದು ತಿಳಿದವರು ಅಪ್ಪನಿಗೆ ಹೇಳಿದ್ದರು. ಬಲಗಣ್ಣಿನಲ್ಲಿ ಲೆನ್ಸ್ ಇದ್ದರೆ ಲತಾ ಕೊನೆಯ ಸಾಲಿನವರೆಗೂ ಓದುತ್ತಿದ್ದಳು. ಎಡಗಣ್ಣಿನಲ್ಲಿ ಲೆನ್ಸ್ ಇದ್ದರೂ ದಪ್ಪ ಅಕ್ಷರ ಮಾತ್ರ. ಹಾಗಾಗಿ ಎಲ್ಲ ನಿಂತದ್ದು ಆ ಬಲಗಣ್ಣಿನ ಮೇಲೆ.

ಶನಿವಾರ ಅಪ್ಪ, "ಅಜ್ಜಿಗೆ ಎಳ್ಳುಬೆಲ್ಲ ಕೊಟ್ಟು ಕಾಲಿಗೆ ಬಿದ್ದು ಬನ್ನಿ, ಒಳ್ಳೇದಾಯ್ತದೆ" ಎಂದು ನಮ್ಮಿಬ್ಬರನ್ನೂ ಹಾರನಹಳ್ಳಿಗೆ ಕಳಿಸಿದರು. ಟೆಂಪೊದಲ್ಲಿ ಹೋದೆವು. ಆ ಕಾಲದಲ್ಲಿ ರಸ್ತೆಯೇ ಕಣ. ಗಾಡಿಗಳು ಹಾಯ್ದು ಕಾಳು ಉದುರಲಿ ಎಂದು ಉದ್ದಕ್ಕೂ ಹುರುಳಿ, ರಾಗಿ ಹರಡಿರುತ್ತಾರೆ. ನಾವು ಇಳಿದು ನಿಂತೆವು, ನಮ್ಮ ಟೆಂಪೊ ತೆನೆಯ ಮೇಲೆ ಹರಿದು ಹೋಯಿತು, ಹಿಂದೆ ಒಂದು ಮೋಡದಷ್ಟು ಸುಂಕು ಎದ್ದಿತು. ಲತಾ "ಅಕ್ಕಾ" ಎಂದು ಬಲಗಣ್ಣು ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದಳು.

ಬರಿಗಣ್ಣಿಗೆ ಬಿದ್ದ ಕಸ ಒಂದು ತರಹ. ಗಟ್ಟಿ ಲೆನ್ಸಿನ ಕೆಳಗೆ ಸೇರಿಕೊಂಡದ್ದು ಇನ್ನೊಂದು ತರಹ. ರೆಪ್ಪೆ ಆಡಿಸಿದಾಗಲೆಲ್ಲ ಕೊರೆಯುತ್ತದೆ. ಕಣ್ಣು ತೆರೆಯಲಾಗದೆ, ಲೆನ್ಸ್ ತೆಗೆಯಲೂ ಆಗದೆ ಅವಳು ಒದ್ದಾಡಿದಳು. ಕೈಹಿಡಿದು ಹೇಗೋ ಅಜ್ಜಿಯ ಮನೆಯವರೆಗೆ ಕರೆತಂದೆ. ಅಲ್ಲಿ ನೋಡಿದರೆ ಅಂಗಳದ ಕಲ್ಲಿನ ಮೇಲೆ ಮೇಲಿನ ಬೀದಿಯ ಷಡಕ್ಷರಪ್ಪನವರು ಕೂತಿದ್ದಾರೆ, ಟವೆಲಿನಿಂದ ಒಂದು ಕಣ್ಣು ಒತ್ತಿಕೊಂಡು, ತಮ್ಮ ಸರದಿಗಾಗಿ. ಅಕ್ಕಪಕ್ಕದ ಹೆಂಗಸರೂ ಇದ್ದರು.

"ನೀರು ಕೊಡಜ್ಜಿ, ಕೈ ತೊಳ್ಕೊಂಡು ನಾನೇ ತೆಗೀತೀನಿ" ಎಂದು ಲತಾ ಹೇಳುತ್ತಲೇ ಇದ್ದಳು. ಅಜ್ಜಿ ಕೇಳಬೇಕಲ್ಲ. "ನಾನಿರೋವಾಗ ನೀನ್ಯಾಕೆ ತೆಗೀತೀಯೆ, ಸುಮ್ಕಿರು" ಎಂದು ಕುತ್ತಿಗೆ ಹಿಡಿದು ತೊಡೆಯ ಮೇಲೆ ಕೆಡವಿಕೊಂಡಳು. ಹೊಲ ಗೇದ ಕೈ ಅದು, ಹಿಡಿದರೆ ಬಿಡಿಸಿಕೊಳ್ಳುವ ಹಾಗಿಲ್ಲ. ನಾನು "ಅಜ್ಜಿ, ತಾಳು" ಎನ್ನುವಷ್ಟರಲ್ಲಿ ಅಂಗೈ ಎಡಗಣ್ಣಿನ ಮೇಲಿತ್ತು, ನಾಲಿಗೆ ಬಲಗಣ್ಣಿನೊಳಗಿತ್ತು.

"ಏನೋ ಬಂತು" ಎಂದಳು ಅಜ್ಜಿ. ನಾಲಿಗೆಯನ್ನು ಸೆರಗಿಗೆ ಒರೆಸಿ ನೋಡಿದಳು. ಅವಳ ಮುಖ ಅರಳಿತು. "ಲೇ, ಕಸ ಅಲ್ಲ ಕಣ್ರೇ, ಪೊರೆ. ನನ್ನ ಮೊಮ್ಮಗಳ ಕಣ್ಣಾಗಿದ್ದ ಪೊರೆ. ಅದಕ್ಕೇ ಮಗ ಅಷ್ಟು ವರ್ಷದಿಂದ ಕಣ್ಣು ಕಿರಿದು ಮಾಡ್ಕಂಡು ನೋಡೋದು." ಹೆಂಗಸರೆಲ್ಲ ಬಗ್ಗಿದರು. ಅಜ್ಜಿ ಅದೇ ಸೆರಗಿನಿಂದ ಲತಾಳ ಕಣ್ಣೀರು ಒರೆಸಿ, ತೋರಿಸಲೆಂದು ಸೆರಗು ಬಿಡಿಸಿದರೆ ಅದರಲ್ಲಿ ಏನೂ ಇಲ್ಲ. "ಬಿದ್ದೋಯ್ತು ಅಂತ ಕಾಣ್ತದೆ. ಹೋಗ್ಲಿ ಬಿಡು" ಎಂದಳು.

ಲತಾ ಎದ್ದು ಕೂತಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಬಾಯಿ ತೆರೆದು ಎಲ್ಲವನ್ನೂ ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಷಡಕ್ಷರಪ್ಪನವರು ಕಲ್ಲಿನ ಮೇಲಿಂದ, "ಏನ್ ಮಾರಮ್ಮ, ಪೊರೇನೂ ತೆಗೀತೀಯಾ? ಹುಡುಗಿ ಕಣ್ಣು ಗಿಣ್ಣು ಹಾಳು ಮಾಡೀಯ" ಎಂದರು. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಅವಳು ಲತಾಳ ಮುಖವನ್ನು ನೋಡಿದಳು.

"ಏನೂ ಆಗಿಲ್ಲ ಸಾರ್, ಚೆನ್ನಾಗೈತೆ" ಎಂದಳು ನನ್ನ ತಂಗಿ. ಆಮೇಲೆ ಕಿವಿ ಮುಟ್ಟಿಕೊಂಡು, "ನನ್ನ ಓಲೆ ತಿರುಪು ಬಿದ್ದೋಯ್ತು ಅಜ್ಜಿ, ಇಲ್ಲೇ ಎಲ್ಲೋ. ಯಾರೂ ತುಳೀಬೇಡಿ" ಎಂದಳು.

ಹಾಗೆ ಶುರುವಾಯಿತು ಹುಡುಕಾಟ. ಇಡೀ ಕೇರಿ ಚಿನ್ನದ ತಿರುಪನ್ನು ಹುಡುಕಿತು. ನಾವಿಬ್ಬರು ಮಾತ್ರ ನೀರಿನ ಬಣ್ಣದ ಒಂದು ಚೂರನ್ನು ಹುಡುಕಿದೆವು. ಅಂಗಳದ ಧೂಳನ್ನೆಲ್ಲ ಗುಡಿಸಿ ಜರಡಿಯಾಡಿದರು, ಮೊರದಲ್ಲಿ ಕೇರಿದರು. ಜರಡಿಯಲ್ಲಿ ಉಳಿದ ಹೊಟ್ಟನ್ನು "ಇದರಾಗಿಲ್ಲ" ಎಂದು ಅವರು ಎಸೆದರೆ ನಾನು ಓಡಿ ಹೋಗಿ ಅದರಲ್ಲಿ ಕೈಯಾಡಿಸುತ್ತಿದ್ದೆ. ಅಜ್ಜಿಯ ಸೆರಗನ್ನು ಬಿಚ್ಚಿ ನೋಡೋಣವೆಂದರೆ ಓಲೆಯ ತಿರುಪು ಅಲ್ಲಿಗೆ ಹೇಗೆ ಹೋದೀತು? ನೆಪ ಮಾಡಿ ಒಮ್ಮೆ ಸವರಿದೆ, ಕೈಗೆ ಏನೂ ಹತ್ತಲಿಲ್ಲ.

ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಹೇಳ್ಬಿಡೇ ಲತಾ. ಇಂಥದು ಅಂತ ಗೊತ್ತಾದ್ರೆ ಎಲ್ರೂ ಅದನ್ನೇ ಹುಡುಕ್ತಾರೆ. ಸೋಮವಾರ ಏನ್ ಮಾಡ್ತೀಯ?" ಎಂದೆ.

"ಆ ಮನುಷ್ಯನ ಮುಂದೆ ಹೆಂಗೆ ಹೇಳ್ಲಿ ಅಕ್ಕ? ನಾಳೆಯಿಂದ ಒಬ್ರೂ ಅಜ್ಜಿ ಹತ್ರ ಬರಲ್ಲ. ಮೊಮ್ಮಗಳ ಕಣ್ಣೇ ಕಿತ್ತೋಳು ಅಂತಾರೆ."

"ಅವನು ಹೋದ ಮೇಲೆ ಹೇಳು."

"ಆಮೇಲೆ ಅಜ್ಜಿ ಬದುಕಿರ್ತಾಳಾ?" ಎಂದಳು. ಬಲಗಣ್ಣಿಂದ ನೀರು ಸುರಿಯುತ್ತಲೇ ಇತ್ತು. ಅವಳ ಕಪಾಳಕ್ಕೆ ಎರಡು ಬಿಡಬೇಕೆನ್ನುವಷ್ಟು ಕೋಪ ಬಂತು, ಅಪ್ಪಿಕೊಂಡು ಅಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಹೊತ್ತು ಮುಳುಗುವವರೆಗೆ ಹುಡುಕಿ, ಕೊನೆಯ ಟೆಂಪೊ ಹತ್ತಿದೆವು. ಅಜ್ಜಿ ತನ್ನ ಕಿವಿಯ ತಿರುಪನ್ನೇ ಬಿಚ್ಚಿ ಲತಾಳ ಕೈಗೆ ಒತ್ತಿದಳು. "ಬರಿಗಿವೀಲಿ ಹೋಗಬ್ಯಾಡ ಮಗ" ಎಂದಳು.

ಭಾನುವಾರ ನಮ್ಮ ಮನೆಯಲ್ಲಿ ಸೂತಕದ ಕಳೆ. ಹೊಸ ಲೆನ್ಸಿಗೆ ಹದಿನೈದು ದಿನ. ದಿನ ಮುಂದೂಡಿ ಎಂದು ಕೇಳಲು ಅಪ್ಪನಿಗೆ ಧೈರ್ಯವಿಲ್ಲ, ಕೇಳಿದರೆ ಕಣ್ಣಿನ ದೋಷ ಹೊರಬಿದ್ದು ಕೈಗೆ ಬಂದದ್ದು ತಪ್ಪೀತು ಎಂಬ ಹೆದರಿಕೆ. ಅವರು ಬಚ್ಚಲ ತೂಬಿಗೆ ಬಟ್ಟೆ ತುರುಕಿ, ಬಿಳಿ ಪಂಚೆ ಹಾಸಿ, ಅದರ ಮುಂದೆ ಸುಮ್ಮನೆ ಕೂತಿದ್ದರು.

ಸೋಮವಾರ ಬೆಳಿಗ್ಗೆ ಲತಾ ಎಡಗಣ್ಣಿನ ಲೆನ್ಸನ್ನು ತಿಕ್ಕಿ ತೊಳೆದು ಬಲಗಣ್ಣಿಗೆ ಇಟ್ಟುಕೊಂಡಳು.

"ಲೇ, ಅದು ಅದರ ಅಳತೆ ಅಲ್ಲ. ಆ ಕಣ್ಣು ಮೊದ್ಲೇ ಕೆಂಡ ಆಗೈತೆ" ಎಂದು ನಾನು ಕೈಹಿಡಿದೆ.

"ಒಂದೊತ್ತು ಅಷ್ಟೇ ಅಕ್ಕ. ಬಿಡು."

ಅವ್ವ ಅಡುಗೆಮನೆಯಿಂದ ಬರಲೇ ಇಲ್ಲ. ಹಾಸನಕ್ಕೆ ಹೋಗುವಾಗ ಬಸ್ಸಿನಲ್ಲಿ ಲತಾ ನನ್ನ ತೊಡೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಒಂದು ವಾರ ಹೋಗಲಿಲ್ಲ. ಡಾಕ್ಟರು ಕೆಂಪು ಯಾಕೆಂದು ಕೇಳಿದರು. "ಧೂಳು ಬಿತ್ತು ಸಾರ್" ಎಂದಳು. ಲೆನ್ಸು ಕಣ್ಣಿನ ಚೂಪನ್ನು ಒತ್ತಿ ಕೊರೆಯುತ್ತಿರುವಾಗ ನಗುತ್ತಾ ನಿಂತು ಅಕ್ಷರ ಓದಿದಳು. ಪಾಸಾದಳು. ಅಪ್ಪ ಹೊರಗೆ ಕಂಬ ಹಿಡಿದುಕೊಂಡು ನಿಂತಿದ್ದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆ ಕಾಣಲಿಲ್ಲ.

ಬುಧವಾರದ ಹೊತ್ತಿಗೆ ಆ ಕಣ್ಣಿನ ನಡುವೆ ಅಕ್ಕಿಯ ನುಚ್ಚಿನಷ್ಟು ಬಿಳುಪು ಬಂತು. ಬೆಂಗಳೂರಿಗೆ ಓಡಿದೆವು. ಅದೇ ಲೇಡಿ ಡಾಕ್ಟರು ನೋಡಿ ಕೆಂಡಾಮಂಡಲವಾದರು. "ಗಾಯದ ಮೇಲೆ ಸೋಂಕು ಬೇರು ಬಿಟ್ಟಿದೆ. ಈ ಕಣ್ಣನ್ನ ಯಾರು ಮುಟ್ಟಿದ್ದು?"

"ನಾನೇ ಮೇಡಂ. ಕೈ ತೊಳೆದಿರಲಿಲ್ಲ" ಎಂದಳು ಲತಾ.

"ಮಕ್ಕಳಿಗೆ ಪಾಠ ಹೇಳೋರು ಮಾಡೋ ಕೆಲಸವೇನಮ್ಮ ಇದು?" ಎಂದು ಅವರು ಬೈದರು. ದಿನಾ ಕೈಗೆ ಚರ್ಮ ಸುಲಿಯುವ ಹಾಗೆ ಸೋಪು ತಿಕ್ಕುತ್ತಿದ್ದ ನನ್ನ ತಂಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ವಾರಗಟ್ಟಲೆ ಗಂಟೆ ಗಂಟೆಗೆ ಔಷಧಿ ಬಿಟ್ಟೆವು. ಕಣ್ಣು ಉಳಿಯಿತು, ನೋಟ ಹೋಯಿತು. ಆ ಕಣ್ಣಿಗೆ ಈಗ ಬೆಳಕು, ಕತ್ತಲೆ ಅಷ್ಟೇ ಗೊತ್ತಾಗುವುದು. ಸತ್ತವರ ಕಣ್ಣಿನ ಪದರ ಹಾಕಿದರೆ ಬಂದರೂ ಬರಬಹುದು ಎಂದರು. ಕಾಯುತ್ತಿದ್ದೇವೆ.

ಎಡಗಣ್ಣಿಗೆ ಲೆನ್ಸ್ ಹಾಕಿಕೊಂಡು ಅವಳು ಜಾವಗಲ್ಲಿನ ಶಾಲೆಗೆ ಸೇರಿದಳು. ಬೋರ್ಡಿನ ಮೇಲೆ ಅಂಗೈಯಗಲದ ಅಕ್ಷರ ಬರೆಯುತ್ತಾಳೆ. ಮಕ್ಕಳ ಸ್ಲೇಟನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಾಳೆ. ಇತ್ತ ಹಾರನಹಳ್ಳಿಯಲ್ಲಿ ಅಜ್ಜಿ, "ನಾನು ಪೊರೆ ತೆಗ್ದೆ, ಮೊಮ್ಮಗಳು ಮೇಡಂ ಆದ್ಲು" ಎಂದು ಕಂಡಕಂಡವರಿಗೆ ಹೇಳುತ್ತಿದ್ದಳಂತೆ. ಲತಾ ಒಂದು ವರ್ಷ ಅತ್ತ ತಲೆ ಹಾಕಲಿಲ್ಲ. ಪ್ರತಿ ಸಲವೂ ಏನಾದರೊಂದು ನೆವ. ಕೊನೆಗೆ ಮರುವರ್ಷದ ಸಂಕ್ರಾಂತಿಗೆ ಅಜ್ಜಿಗೆ ಹುಷಾರಿಲ್ಲ ಎಂದು ಸುದ್ದಿ ಬಂದು, ಇಬ್ಬರೂ ಹೋದೆವು.

ಅಜ್ಜಿ ಸೊರಗಿ ಕಡ್ಡಿಯಾಗಿದ್ದಳು. ಎದ್ದು ಗೋಡೆಗೆ ಒರಗಿ ಕೂತು ಲತಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಯ್ಯೋ ನನ್ನವ್ವ, ಮತ್ತೆ ಬಂದೈತಲ್ಲೇ. ಹಂಗೆ ಬರಬಾರ್ದಿತ್ತು. ನಾನು ಸುಟ್ಟಿದ್ನಲ್ಲ."

"ಏನು ಸುಟ್ಟೆ ಅಜ್ಜಿ?" ಎಂದೆ ನಾನು.

"ಪೊರೆ ಕಣೆ. ಅವತ್ತು ಬಿದ್ದೋಯ್ತು ಅಂದ್ನಲ್ಲ, ಬಿದ್ದಿರ್ನಿಲ್ಲ. ಮಾರನೆ ದಿನ ಹೊತ್ತಾರೆ ಸೀರೆ ಬಿಚ್ಚೋವಾಗ ನೋಡ್ತೀನಿ, ಸೆರಗಿನ ಮಡಿಕೇಲಿ ಅಂಟ್ಕಂಡೈತೆ. ಮೀನಿನ ಹುರುಪೆ ಹಂಗೆ ಗಟ್ಟಿಗೆ, ಒಂಚೂರೂ ಮುಕ್ಕಾಗಿರ್ನಿಲ್ಲ. ಎಷ್ಟೋ ಕಣ್ಣು ನೋಡಿವ್ನಿ, ಅಂಥ ಪೊರೆ ಕಂಡಿರ್ನಿಲ್ಲ. ಒಲೆಗೆ ಹಾಕ್ದೆ."

ಮಾರನೆಯ ದಿನ ಎಂದರೆ ಭಾನುವಾರ. ಅಪ್ಪ ಬಿಳಿ ಪಂಚೆಯ ಮುಂದೆ ಕೂತಿದ್ದ ಬೆಳಿಗ್ಗೆ. ಟೆಂಪೊದಲ್ಲಿ ಅರ್ಧ ಗಂಟೆಯ ದಾರಿ. ಒಂದೇ ಒಂದು ನಿಜ ಹೇಳಿದ್ದರೆ ಅಜ್ಜಿ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಮೊದಲ ಗಾಡಿಗೇ ಬರುತ್ತಿದ್ದಳು. ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು. ಲತಾ ನನ್ನ ಮುಂಗೈ ಹಿಡಿದುಕೊಂಡಳು.

"ಒಳ್ಳೇದು ಮಾಡ್ದೆ ಬಿಡಜ್ಜಿ" ಎಂದಳು.

"ಏನ್ ಒಳ್ಳೇದು, ಮತ್ತೆ ಬಂದೈತಲ್ಲ. ಬಾ, ಮಲಿಕ್ಕೊ. ತೆಗೀತೀನಿ."

ನಾನು ಬೇಡವೆಂದು ತಲೆ ಆಡಿಸಿದೆ. ಅವಳು ನನ್ನ ಕಡೆ ನೋಡಲಿಲ್ಲ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅಜ್ಜಿ ಮೊದಲಿನ ಹಾಗೇ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನ ರೆಪ್ಪೆ ಎತ್ತಿ, ಬಗ್ಗಿ ನಾಲಿಗೆ ಇಟ್ಟಳು. ಒಮ್ಮೆ ಸವರಿ ಸೆರಗಿಗೆ ಒರೆಸಿ ನೋಡಿದಳು. ಮತ್ತೆ ಬಗ್ಗಿದಳು. ಮತ್ತೆ ನೋಡಿದಳು.

"ಬತ್ತಾ ಇಲ್ವಲ್ಲೇ ಮಗ. ನನ್ನ ನಾಲಿಗೆ ಸತ್ತೋಯ್ತಾ?" ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಬಂತು ಅಜ್ಜಿ" ಎಂದಳು ಲತಾಮಣಿ. "ಈಗ ನಿನ್ನ ಮುಖ ಚೆನ್ನಾಗಿ ಕಾಣ್ತಾ ಐತೆ."

ಅಜ್ಜಿಯ ಅಂಗೈ ಆಗಲೂ ಅವಳ ಎಡಗಣ್ಣಿನ ಮೇಲೇ ಇತ್ತು.